ಒಳಗಿನಿಂದ ಚಿಲಕ ಹಾಕಿದ ಬಾಗಿಲು

ಪತ್ತೇದಾರಿ ಸಾಹಿತ್ಯದಲ್ಲಿ ಒಂದು ಹಳೆಯ ಒಗಟು ಇದೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಬೇರೆ ದಾರಿಯಿಲ್ಲ. ಒಳಗೆ ಒಂದು ಶವವಿದೆ. ಕೊಂದವನು ಬಂದುದು ಹೇಗೆ, ಹೋದುದು ಹೇಗೆ? ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಇದನ್ನು ಕಥೆಯಾಗಿಸಿದ ಬಳಿಕ ಜಗತ್ತಿನ ನೂರಾರು ಲೇಖಕರು ಇದೇ ಬೀಗಕ್ಕೆ ಬಗೆಬಗೆಯ ಕೀಲಿಕೈಗಳನ್ನು ತಯಾರಿಸಿದರು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಒಂದು ತಲೆಮಾರಿನ ಓದುಗರನ್ನೇ ವಾಚನಾಲಯಗಳತ್ತ ಸೆಳೆದನು. ಕಥೆಯಲ್ಲಿ ಸುಳಿವುಗಳೆಲ್ಲವೂ ಒಂದೇ ಕೋಣೆಯಲ್ಲಿ ದೊರೆಯುತ್ತವೆ. ಅವುಗಳನ್ನು ಜೋಡಿಸಬಲ್ಲ ಮೇಧಾವಿಯೂ ಸಕಾಲದಲ್ಲಿ ಬಂದು ನಿಲ್ಲುತ್ತಾನೆ.

ವಾಸ್ತವದಲ್ಲಿ ಹಾಗಾಗುವುದು ಅಪರೂಪ. ಅದಕ್ಕೆ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳು ಸೇರಿ ಅನುಭವಿಸಿದ ಒಂದು ದುರಂತವೇ ಸಾಕ್ಷಿ. ‘ಸಯನೈಡ್ ಮೋಹನ್’ ಎಂಬ ಹೆಸರನ್ನು ಹಿರಿಯರೆಲ್ಲರೂ ಕೇಳಿರುತ್ತಾರೆ. ಆದರೆ ಆ ಒಗಟು ಬಿಡಿಸಲ್ಪಟ್ಟ ಬಗೆಯನ್ನೂ, ಅದಕ್ಕಿಂತ ಮಿಗಿಲಾಗಿ ಅಷ್ಟು ಕಾಲ ಬಿಡಿಸಲ್ಪಡದೆ ಉಳಿದುದರ ಕಾರಣವನ್ನೂ ಮನೆಮಂದಿ ಕುಳಿತು ಯೋಚಿಸಿದಂತಿಲ್ಲ.

ಮೊದಲು ಒಗಟನ್ನು ಅಂದಿನ ಪೊಲೀಸರ ಕಣ್ಣಿಗೆ ಬಿದ್ದಂತೆಯೇ ನೋಡಬೇಕು. ಸ್ಥಳ, ಕರ್ನಾಟಕದ ಒಂದು ಜನನಿಬಿಡ ಬಸ್ ನಿಲ್ದಾಣ. ಮಹಿಳೆಯರ ಶೌಚಾಲಯದ ಒಂದು ಬಾಗಿಲು ಎಷ್ಟು ಬಡಿದರೂ ತೆರೆಯುವುದಿಲ್ಲ. ಒಡೆದು ನೋಡಿದರೆ ಒಳಗೆ ಒಬ್ಬ ಯುವತಿ ಬಿದ್ದಿದ್ದಾಳೆ. ಒಳ್ಳೆಯ ಸೀರೆ ಉಟ್ಟಿದ್ದಾಳೆ. ಮದುವೆಗೋ ದೇವಸ್ಥಾನಕ್ಕೋ ಹೊರಟವಳಂತೆ ಕಾಣುತ್ತಾಳೆ. ಮೈಮೇಲೆ ಒಡವೆಗಳಿಲ್ಲ. ಗಾಯವಿಲ್ಲ, ಹೋರಾಟದ ಗುರುತಿಲ್ಲ. ಊರು ಯಾವುದೆಂದು ಹೇಳುವ ಕಾಗದವಿಲ್ಲ. ಚಿಲಕ ಒಳಗಿನಿಂದ ಹಾಕಿದೆ. ನೋಡಿದವರೆಲ್ಲರ ತೀರ್ಮಾನ ಒಂದೇ: ಯಾರೋ ನೊಂದ ಹೆಣ್ಣುಮಗಳು ವಿಷ ಸೇವಿಸಿ ಪ್ರಾಣ ಕಳೆದುಕೊಂಡಿದ್ದಾಳೆ. ಆಗಿನ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಂತೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ, ಮಹಜರು ನಡೆಯುತ್ತದೆ, ಒಳಾಂಗಗಳ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವಾರಸುದಾರರು ಬಾರದ ಶವಕ್ಕೆ ಸರಕಾರಿ ಲೆಕ್ಕದಲ್ಲಿ ಅಂತ್ಯಸಂಸ್ಕಾರವಾಗುತ್ತದೆ. ಕಡತ ಕಪಾಟು ಸೇರುತ್ತದೆ.

ಇಂತಹ ಸಾವು ಮೈಸೂರಿನಲ್ಲಿ ಒಂದಲ್ಲ, ಹಲವು ಸಂಭವಿಸಿದವು. ಬೆಂಗಳೂರಿನಲ್ಲಿ ಸಂಭವಿಸಿದವು, ಹಾಸನದಲ್ಲಿಯೂ ಸಂಭವಿಸಿತು. ಒಂದು ಕಡತದ ಪಕ್ಕದಲ್ಲಿ ಇನ್ನೊಂದನ್ನು ತೆರೆದಿಟ್ಟು ನೋಡಿದವರು ಯಾರೂ ಇರಲಿಲ್ಲ.

ಈ ಒಗಟಿನ ಅರ್ಧ ಭಾಗ ಮಾತ್ರ ಬಸ್ ನಿಲ್ದಾಣದಲ್ಲಿತ್ತು. ಉಳಿದರ್ಧ ಅಲ್ಲಿಂದ ಅನತಿದೂರದ ವಸತಿಗೃಹದ ಕೋಣೆಯೊಂದರಲ್ಲಿತ್ತು. ಹಿಂದಿನ ದಿನ ಅಲ್ಲಿಗೆ ಒಬ್ಬ ಪುರುಷ ಮತ್ತು ಒಬ್ಬ ಯುವತಿ ಬಂದಿದ್ದರು. ಬೆಳಗ್ಗೆ ಇಬ್ಬರೂ ಹೊರಗೆ ಹೋದರು, ಮರಳಿದವನು ಒಬ್ಬನೇ. ಆತ ಕೋಣೆಯಲ್ಲಿಟ್ಟಿದ್ದ ಒಡವೆಗಳನ್ನು ಎತ್ತಿಕೊಂಡು, ಬಾಡಿಗೆ ಸಂದಾಯ ಮಾಡಿ ಹೊರಟುಹೋದನು. ಹೋದ ಇಬ್ಬರಲ್ಲಿ ಒಬ್ಬಳು ಮರಳಲಿಲ್ಲವೆಂಬುದು ಲಾಡ್ಜಿನವರಿಗೆ ಚಿಂತೆಯ ವಿಷಯವಾಗಲಿಲ್ಲ. ಆ ಹೆಣ್ಣುಮಗಳು ಯಾವ ಕೋಣೆಯಿಂದ ಬಂದಳೆಂಬುದು ಬಸ್ ನಿಲ್ದಾಣದವರಿಗೆ ತಿಳಿಯಲಿಲ್ಲ. ಒಂದು ಕೊಲೆಯನ್ನು ಎರಡು ಜಾಗಗಳಿಗೆ ಹಂಚಿಬಿಟ್ಟರೆ ಅದು ಎರಡು ಕಡೆಯೂ ಕೊಲೆಯಾಗಿ ಕಾಣುವುದಿಲ್ಲ. ಅಪರಾಧಿಯ ಉಪಾಯವಿದ್ದುದು ಇಲ್ಲಿಯೇ.

ಹಾಗಾದರೆ ಒಳಗಿನ ಚಿಲಕ? ಅದನ್ನು ಹಾಕಿದವಳು ಆ ಯುವತಿಯೇ. ಗರ್ಭನಿರೋಧಕ ಮಾತ್ರೆಯೆಂದು ಹೇಳಿ ಕೊಟ್ಟುದನ್ನು, ಸೇವಿಸಿದರೆ ಸ್ವಲ್ಪ ಅಸ್ವಸ್ಥತೆ ಉಂಟಾಗಬಹುದು, ಶೌಚಾಲಯದೊಳಗೆ ಹೋಗಿ ತೆಗೆದುಕೋ ಎಂಬ ಮಾತನ್ನು ನಂಬಿ, ಅವಳೇ ಬಾಗಿಲು ಭದ್ರಪಡಿಸಿಕೊಂಡಳು. ಕೊಂದವನು ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ಮಾತ್ರೆಯಲ್ಲಿದ್ದುದು ಸಯನೈಡ್.

ಈ ವಿಷ ಕೆಲಸ ಮಾಡುವ ರೀತಿಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಜೀವಶಾಸ್ತ್ರದ ಪಾಠದಿಂದಲೇ ಗ್ರಹಿಸಬಹುದು. ಉಸಿರಾಟದ ಆಮ್ಲಜನಕವನ್ನು ರಕ್ತವು ಜೀವಕೋಶಗಳಿಗೆ ಒಯ್ಯುತ್ತದೆ. ಜೀವಕೋಶದೊಳಗಿನ ಕಿಣ್ವವೊಂದು ಅದನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುತ್ತದೆ. ಸಯನೈಡ್ ಆ ಕಿಣ್ವವನ್ನೇ ತಡೆಹಿಡಿಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ದೇಹ ಉಸಿರುಗಟ್ಟುತ್ತದೆ; ನಿಮಿಷಗಳಲ್ಲಿ ಸಾವು ಬರುತ್ತದೆ. ಕಾಸರಗೋಡಿನ ಮನೆಗಳಲ್ಲಿ ಮರಗೆಣಸನ್ನು ಬೇಯಿಸಿ ಆ ನೀರನ್ನು ಚೆಲ್ಲುವ ರೂಢಿ ಇರುವುದು ಸುಮ್ಮನೆ ಅಲ್ಲ. ಗೆಣಸಿನಲ್ಲಿರುವ ಒಂದು ವಸ್ತು ಇದೇ ವಿಷದ ಅಂಶವನ್ನು ಅತ್ಯಲ್ಪವಾಗಿ ಬಿಡುಗಡೆ ಮಾಡುತ್ತದೆ. ಬೇಯಿಸಿ ನೀರು ಚೆಲ್ಲಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಶುದ್ಧ ಸಯನೈಡ್ ಸಾಮಾನ್ಯರ ಕೈಗೆ ಸಿಗುವ ವಸ್ತುವಲ್ಲ. ಚಿನ್ನದ ಕೆಲಸದಲ್ಲಿ ಅದಕ್ಕೆ ಬಳಕೆಯುಂಟು. ಆತನು ಅದನ್ನು ಪಡೆದುದೂ ತಾನು ಅಕ್ಕಸಾಲಿಗನೆಂಬ ಸೋಗಿನಿಂದಲೇ.

ಒಗಟು ಬಿಡಿಸಲ್ಪಟ್ಟುದು 2009ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಮನೆಯಿಂದ ಹೋದವಳು ಮರಳಲಿಲ್ಲ. ಅನ್ಯ ಕೋಮಿನವನೊಬ್ಬ ಅವಳನ್ನು ಕರೆದೊಯ್ದಿದ್ದಾನೆಂಬ ಮಾತು ಊರಲ್ಲಿ ಹಬ್ಬಿತು. ಜನ ಠಾಣೆಯ ಮುಂದೆ ಸೇರಿದರು, ವಾತಾವರಣ ಕಾವೇರಿತು. ಊಹೆ ಸಂಪೂರ್ಣ ತಪ್ಪಾಗಿತ್ತು. ಆದರೆ ಕುಟುಂಬದವರೂ ಸಮುದಾಯದವರೂ ಸುಮ್ಮನಾಗಲಿಲ್ಲವೆಂಬುದರಿಂದ ಒಂದು ಪ್ರಯೋಜನವಾಯಿತು: ತನಿಖೆ ನಿಲ್ಲಲಿಲ್ಲ.

ಪೊಲೀಸರು ಆ ಯುವತಿಯ ದೂರವಾಣಿ ಕರೆಗಳ ವಿವರವನ್ನು ತರಿಸಿದರು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಹೊತ್ತಿಗೆ, ಎಷ್ಟು ಸಮಯ, ಯಾವ ಗೋಪುರದ ವ್ಯಾಪ್ತಿಯಿಂದ ಕರೆ ಹೋಯಿತೆಂಬುದು ಆ ಪಟ್ಟಿಯಲ್ಲಿರುತ್ತದೆ. ಮಾತಾಡಿದ ವಿಷಯ ಇರುವುದಿಲ್ಲ. ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಒಂದು ಸಂಖ್ಯೆಯ ಬೆನ್ನು ಹಿಡಿದಾಗ ಅದು ಕೊಡಗಿನ ಯುವತಿಯೊಬ್ಬಳ ಹೆಸರಿನಲ್ಲಿತ್ತು. ಅವಳ ಮನೆಗೆ ಹೋದರೆ, ಅವಳೂ ಕಾಣೆಯಾಗಿದ್ದಳು. ಅವಳ ಕರೆಗಳ ಪಟ್ಟಿಯನ್ನು ತೆಗೆದಾಗ ದಾರಿ ಕಾಸರಗೋಡಿನ ಯುವತಿಯೊಬ್ಬಳ ಸಂಖ್ಯೆಗೆ ಬಂದಿತು. ಅವಳೂ ಮನೆಯಲ್ಲಿರಲಿಲ್ಲ. ಅಲ್ಲಿಂದ ಪುತ್ತೂರಿನ ಕಡೆಗೆ. ಆ ಹೆಣ್ಣುಮಗಳೂ ಕಾಣೆ. ಒಬ್ಬಳನ್ನು ಹುಡುಕಲು ಹೊರಟವರ ಮುಂದೆ ಒಂದೊಂದಾಗಿ ಖಾಲಿ ಮನೆಗಳು ತೆರೆದುಕೊಂಡವು. ಅಪರಾಧಿಯು ಒಬ್ಬಳ ಫೋನನ್ನು ಬಳಸಿ ಮತ್ತೊಬ್ಬಳ ಸ್ನೇಹ ಬೆಳೆಸುತ್ತಿದ್ದನು. ತನ್ನ ಹೆಸರನ್ನು ಮರೆಮಾಚಲು ಹೂಡಿದ ಈ ಹಂಚಿಕೆಯೇ ಅವನು ಕೊಂದವರೆಲ್ಲರನ್ನೂ ಒಂದೇ ದಾರದಲ್ಲಿ ಪೋಣಿಸಿತು.

ಆ ದಾರದ ತುದಿ ಮಂಗಳೂರಿನ ಸಮೀಪದ ದೇರಳಕಟ್ಟೆಯಲ್ಲಿ ಸಿಕ್ಕಿತು. ಕಾಣೆಯಾದವಳೊಬ್ಬಳ ಫೋನ್ ಅಲ್ಲಿ ಬಳಕೆಯಲ್ಲಿತ್ತು. ಸಿಮ್ ಬದಲಾಯಿಸಿದರೂ ಪ್ರತಿಯೊಂದು ಮೊಬೈಲಿಗೆ 15 ಅಂಕೆಗಳ ತನ್ನದೇ ಗುರುತು ಸಂಖ್ಯೆ ಇರುತ್ತದೆಂಬುದನ್ನು ಇಂದಿನ ಮಕ್ಕಳು ಬಲ್ಲರು. ಫೋನ್ ಇಟ್ಟುಕೊಂಡಿದ್ದ ಯುವಕನು ಅದನ್ನು ತನಗೆ ಕೊಟ್ಟವನ ಹೆಸರು ಹೇಳಿದನು. 2009ರ ಅಕ್ಟೋಬರ್ ತಿಂಗಳಲ್ಲಿ ಮೋಹನ್ ಕುಮಾರ್ ಬಂಧಿತನಾದನು. ಗಡಿಯ ಸಮೀಪದ ಕನ್ಯಾನದವನು. ಹಿಂದೆ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದವನು. ಬೇರೆ ಬೇರೆ ಊರುಗಳ ಕಪಾಟುಗಳಲ್ಲಿದ್ದ ಕಡತಗಳು ಆಗಷ್ಟೇ ಒಂದರ ಪಕ್ಕ ಇನ್ನೊಂದಾಗಿ ಬಂದವು. ಹೆಸರಿಲ್ಲದೆ ಅಂತ್ಯಸಂಸ್ಕಾರಗೊಂಡವರಿಗೆ ಹೆಸರುಗಳು ಮರಳಿದವು. ಒಟ್ಟು 20 ಮಂದಿ.

ಕಾದಂಬರಿಯಾಗಿದ್ದರೆ ಇಲ್ಲಿಗೆ ಕೊನೆಯ ಪುಟ. ನ್ಯಾಯಾಲಯಕ್ಕೆ ಇದು ಮೊದಲ ಪುಟ. ಕೊಂದುದನ್ನು ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ ಸುಳಿವುಗಳನ್ನು ಹೇಗೆ ತೂಗಬೇಕೆಂದು ಸುಪ್ರೀಂ ಕೋರ್ಟು 1984ರಲ್ಲಿ ಹೇಳಿದ ಒಂದು ತೀರ್ಪು ಇಂದಿಗೂ ಮಾನದಂಡ. ವಿಶೇಷವೆಂದರೆ ಆ ಪ್ರಕರಣವೂ ಸಯನೈಡಿನದೇ. ಪುಣೆಯ ಮನೆಯೊಂದರಲ್ಲಿ 1982ರಲ್ಲಿ ನವವಿವಾಹಿತೆಯೊಬ್ಬಳು ಈ ವಿಷದಿಂದ ಮೃತಪಟ್ಟಿದ್ದಳು. ಪತಿಗೆ ಕೆಳಗಿನ ನ್ಯಾಯಾಲಯ ವಿಧಿಸಿದ್ದ ಗಲ್ಲುಶಿಕ್ಷೆಯನ್ನು ಹೈಕೋರ್ಟು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಸುಳಿವುಗಳ ಸರಪಣಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಅವು ಆರೋಪಿಯ ಅಪರಾಧವನ್ನು ಬಿಟ್ಟು ಬೇರಾವ ಸಾಧ್ಯತೆಗೂ ಎಡೆಗೊಡಬಾರದು. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯಾಗದು ಎಂಬುದು ಅದರ ಸಾರ. ವಿಷಪ್ರಯೋಗದ ಕೊಲೆಗೆ ನಾಲ್ಕು ಅಂಶಗಳನ್ನೂ ಆ ತೀರ್ಪು ಸ್ಪಷ್ಟಪಡಿಸಿತು: ಕೊಲ್ಲಲು ಕಾರಣವಿತ್ತೇ, ಸಾವು ಆ ವಿಷದಿಂದಲೇ ಆಯಿತೇ, ವಿಷವು ಆರೋಪಿಯ ಬಳಿ ಇತ್ತೇ, ಅದನ್ನು ಕೊಡುವ ಅವಕಾಶ ಅವನಿಗಿತ್ತೇ.

ಈ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ವಸತಿಗೃಹದ ಕೋಣೆಯ ಬೆಲೆ ತಿಳಿಯುತ್ತದೆ. ಒಡವೆಗಳು ಕಾರಣವನ್ನು ಹೇಳುತ್ತವೆ. ಪ್ರಯೋಗಾಲಯದ ವರದಿ ಸಾವಿನ ಬಗೆಯನ್ನು ಹೇಳುತ್ತದೆ. ಸಯನೈಡ್ ಮಾರಿದವನ ಸಾಕ್ಷ್ಯವು ವಿಷ ಯಾರ ಕೈಯಲ್ಲಿತ್ತೆಂದು ಹೇಳುತ್ತದೆ. ಅವಕಾಶವಿತ್ತೆಂದು ಹೇಳಬೇಕಾದುದು ಕೋಣೆ: ಅಂದು ಅಲ್ಲಿ ಇಬ್ಬರು ಜೊತೆಗಿದ್ದರು, ಕೊನೆಯದಾಗಿ ಅವಳನ್ನು ಕಂಡುದು ಇವನ ಸಂಗಡವೇ ಎಂದು. ಲಾಡ್ಜುಗಳಲ್ಲಿ ಬಂದವರ ಹೆಸರು ವಿಳಾಸಗಳನ್ನು ಪುಸ್ತಕದಲ್ಲಿ ಬರೆಯಿಸಿಕೊಳ್ಳುವ, ಗುರುತಿನ ಚೀಟಿಯ ಪ್ರತಿ ಕೇಳುವ ಕ್ರಮ ಅನೇಕರಿಗೆ ಕಿರಿಕಿರಿಯೆನಿಸುತ್ತದೆ. ಆದರೆ ಬರೆದ ಹೆಸರು ಸುಳ್ಳಾದರೂ ಬರೆದ ಕೈಯ ಅಕ್ಷರ ಸುಳ್ಳಾಗುವುದು ಕಷ್ಟ.

ಮಂಗಳೂರಿನ ನ್ಯಾಯಾಲಯದಲ್ಲಿ ಆರೋಪಿಯು ವಕೀಲರ ನೆರವಿಲ್ಲದೆ ತಾನೇ ವಾದಿಸಿದನು. ಮಾತ್ರೆ ಸೇವಿಸಿಯೂ ಬದುಕುಳಿದ ಒಬ್ಬ ಮಹಿಳೆ ಅವನೆದುರು ನಿಂತು ಸಾಕ್ಷ್ಯ ನುಡಿದರು. 2013ರ ಡಿಸೆಂಬರಿನಲ್ಲಿ ಮೊದಲ ಮೂರು ಪ್ರಕರಣಗಳಲ್ಲಿ ಆತ ಅಪರಾಧಿಯೆಂದು ತೀರ್ಮಾನವಾಗಿ ಗಲ್ಲುಶಿಕ್ಷೆ ಘೋಷಣೆಯಾಯಿತು. 2017ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಉಳಿದವು ಒಂದೊಂದಾಗಿ ವಿಚಾರಣೆಗೆ ಬಂದು, 20ನೆಯ ಹಾಗೂ ಕೊನೆಯ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಕೊನೆಯ ಪ್ರಕರಣದ ಯುವತಿ ಕಾಸರಗೋಡಿನವಳು. ಕಾಣೆಯಾದಂದಿನಿಂದ ತೀರ್ಪಿನವರೆಗೆ ಅವಳ ಮನೆಯವರು ಕಾದುದು ಸುಮಾರು 11 ವರ್ಷ.

ಈಗ ಉಳಿಯುವ ಪ್ರಶ್ನೆ ಒಂದೇ. ಮೊದಲನೆಯ ಸಾವಿಗೂ 20ನೆಯ ಸಾವಿಗೂ ನಡುವೆ ವರ್ಷಗಳೇ ಇದ್ದವು. ಚಿಲಕ, ಸೀರೆ, ಇಲ್ಲದ ಒಡವೆ, ಬಸ್ ನಿಲ್ದಾಣ, ಎಲ್ಲವೂ ಮೊದಲ ದಿನದಿಂದಲೇ ಕಣ್ಣೆದುರಿಗಿದ್ದವು. ಅವು ಸುಳಿವುಗಳಾಗಿ ಕಾಣಲಿಲ್ಲವೇಕೆ?

ಪೊಲೀಸರ ಲೋಪ ಒಂದು ಉತ್ತರ. ಒಂದು ಊರಿನ ಅಪರಿಚಿತ ಶವದ ವಿವರವನ್ನು ಇನ್ನೊಂದು ಊರಿನ ಕಾಣೆಯಾದವರ ಪಟ್ಟಿಯೊಡನೆ ಹೋಲಿಸಿ ನೋಡುವ ಪದ್ಧತಿ ಆಗ ದುರ್ಬಲವಾಗಿತ್ತು. ಗಡಿನಾಡಿಗೆ ಇದು ಇಮ್ಮಡಿ ತೊಡಕು. ಮನೆ ಕೇರಳದಲ್ಲಿ, ಶವ ಕರ್ನಾಟಕದಲ್ಲಿ. ಒಂದು ಕಡತ ಮಲಯಾಳದಲ್ಲಿ, ಇನ್ನೊಂದು ಕನ್ನಡದಲ್ಲಿ.

ಆದರೆ ಹೋಲಿಸಲು ಎರಡು ಕಡತಗಳಾದರೂ ಇರಬೇಕಷ್ಟೆ? ಅನೇಕ ಮನೆಗಳಿಂದ ದೂರೇ ಹೋಗಿರಲಿಲ್ಲ, ಅಥವಾ ಬಹಳ ತಡವಾಗಿ ಹೋಗಿತ್ತು. ಮಗಳು ಯಾರೊಡನೆಯೋ ಹೋದಳು, ಎಲ್ಲಿಯೋ ಸುಖವಾಗಿದ್ದಾಳು, ಹೊರಗೆ ತಿಳಿದರೆ ಮರ್ಯಾದೆ ಹೋದೀತು, ತಂಗಿಯ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಅಳುಕಿನಿಂದ ಮನೆಯವರು ಬಾಯಿ ಮುಚ್ಚಿಕೊಂಡರು. ಅಪರಾಧಿಯು ಲೆಕ್ಕ ಹಾಕಿದ್ದುದು ಈ ಮೌನವನ್ನೇ. ಅವನು ಆರಿಸಿಕೊಂಡವರು ವಿವಾಹದ ವಯಸ್ಸು ಮೀರುತ್ತಿದ್ದ, ವರದಕ್ಷಿಣೆ ಕೊಡಲಾಗದ ಬಡಮನೆಗಳ ಹೆಣ್ಣುಮಕ್ಕಳು. ಅವರ ಮುಂದೆ ಅವನು ಅವರವರದೇ ಜಾತಿಯ, ಸರಕಾರಿ ಉದ್ಯೋಗದ, ವರದಕ್ಷಿಣೆ ಬೇಡದ ವರನಾಗಿ ನಿಂತನು. ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದುದು 1961ರಲ್ಲಿ. ಅರ್ಧ ಶತಮಾನದ ಬಳಿಕವೂ ‘ವರದಕ್ಷಿಣೆ ಬೇಡ’ ಎಂಬ ಎರಡು ಪದಗಳು ಹೆಣ್ಣೊಬ್ಬಳನ್ನು ಗುರುತಿಲ್ಲದವನ ಹಿಂದೆ ನಡೆಸಬಲ್ಲಷ್ಟು ದುರ್ಲಭವಾಗಿದ್ದವೆಂಬುದು ಈ ಪ್ರಕರಣದ ಅತ್ಯಂತ ಕಹಿಯಾದ ಸುಳಿವು.

ಒಳಗಿನಿಂದ ಬಿದ್ದ ಚಿಲಕ ಶೌಚಾಲಯದ್ದು ಮಾತ್ರವಲ್ಲ. ಅಂತಹುದೇ ಚಿಲಕ ಹಲವು ಮನೆಗಳ ಬಾಗಿಲಿಗೂ ಬಿದ್ದಿತ್ತು. ಒಂದು ಮನೆಯವರು ಅದನ್ನು ತೆಗೆದು ಬೀದಿಗೆ ಬಂದು ‘ನಮ್ಮ ಮಗಳೆಲ್ಲಿ?’ ಎಂದು ಕೇಳಿದ ದಿನ ಉಳಿದ ಮನೆಗಳ ಕತ್ತಲೆಯೂ ಕಳೆಯತೊಡಗಿತು.

ಇದರಿಂದ ಹೊರಡುವ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಪ್ರತಿಯೊಂದು ಮನೆಯೂ ತಿಳಿದಿರುವುದು ಒಳಿತು. ಕಾಣೆಯಾದವರ ಬಗ್ಗೆ ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲಿಯೂ ಇಲ್ಲ. ಮಕ್ಕಳು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಗಂಭೀರ ಅಪರಾಧದ ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಕೊಡಬಹುದು. ‘ಅದು ಕರ್ನಾಟಕದ ವ್ಯಾಪ್ತಿ, ಇದು ಕೇರಳದ ವ್ಯಾಪ್ತಿ’ ಎಂಬ ಉತ್ತರ ಕೇಳಿ ಹಿಂದಿರುಗಬೇಕಾಗಿಲ್ಲ. ತುರ್ತು ಸಹಾಯಕ್ಕೆ 112, ಮಹಿಳೆಯರ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎರಡೂ ರಾಜ್ಯಗಳಲ್ಲಿ ಇವೆ.

ದೂರು ಕೊಡುವುದೆಂದರೆ ಹೋದವಳನ್ನು ಅಪರಾಧಿಯಾಗಿಸುವುದಲ್ಲ. ಪ್ರಾಯಕ್ಕೆ ಬಂದವಳು ಸ್ವಂತ ಇಚ್ಛೆಯಿಂದ ಹೋಗಿದ್ದರೆ ಅದನ್ನು ಅವಳೇ ಬಂದು ಹೇಳುತ್ತಾಳೆ. ಹೇಳುವ ಹಕ್ಕು ಅವಳಿಗಿದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅವಳು ಬಂದು ಹೇಳಲಾಗದ ಸ್ಥಿತಿಯಲ್ಲಿದ್ದರೆ ಅವಳ ಪರವಾಗಿ ಉಳಿಯುವ ಏಕೈಕ ಸಾಕ್ಷ್ಯ ಆ ದೂರು.

ಇನ್ನೊಂದು ಸಂಗತಿಗೆ ಠಾಣೆಯ ಅಗತ್ಯವೂ ಇಲ್ಲ. ಒಬ್ಬನ ಸ್ನೇಹವಾಗಿದೆ, ಮದುವೆಯ ಮಾತು ಬಂದಿದೆ ಎಂದು ಮಗಳು ಮನೆಯಲ್ಲಿ ಹೆದರಿಕೆಯಿಲ್ಲದೆ ಹೇಳುವಂತಿದ್ದರೆ, ಅವನ ಹೆಸರು, ಊರು, ಉದ್ಯೋಗಗಳನ್ನು ಒಂದು ವಾರದಲ್ಲಿ ವಿಚಾರಿಸಿ ತಿಳಿಯಬಹುದು. ಕಾಸರಗೋಡಿನಂತಹ ಜಿಲ್ಲೆಯಲ್ಲಿ ಯಾವ ಊರಿನಲ್ಲಿಯೂ ಒಬ್ಬ ನೆಂಟನೋ ಪರಿಚಿತನೋ ಇಲ್ಲದ ಮನೆ ವಿರಳ. ಸುಳ್ಳು ಹೆಸರಿನ ವರ ಆ ಒಂದು ವಾರದ ವಿಚಾರಣೆಯನ್ನು ದಾಟಲಾರನು. ಬೈಗುಳಕ್ಕೆ ಹೆದರಿ ಅವಳು ಹೇಳದೆ ಉಳಿದರೆ, ಆ ವಿಚಾರಣೆಯನ್ನು ಮುಂದೊಂದು ದಿನ ಪೊಲೀಸರು ನಡೆಸಬೇಕಾಗುತ್ತದೆ.